ಪಕ್ಷಿಗಳ ಮೊಟ್ಟೆಯೂ ಡಿ.ಡಿ.ಟಿ.ಯೂ

ಶಾಸನಗಳಿಂದಲೂ ನಾಣ್ಯಗಳಿಂದಲೂ ಗತಕಾಲವನ್ನು ಅರಿಯುವುದು ಸರ್ವವಿದಿತವಾದ ಪದ್ಧತಿ. ಹಕ್ಕಿಯ ಮೊಟ್ಟೆಯ ಚಿಪ್ಪೂ ಅಂತಹುದೇ ಒಂದು ಆಧಾರವಾಗಬಲ್ಲದೆಂಬುದು 1967ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾಯಿತು.

ಡಿ.ಡಿ.ಟಿ. ಎಂಬ ರಸಾಯನವಸ್ತುವು 1874ರಷ್ಟು ಹಿಂದೆಯೇ ತಯಾರಾಗಿದ್ದಿತು. ಅದಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯುಂಟೆಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಎಂಬವರು 1939ರಲ್ಲಿ ಕಂಡುಹಿಡಿದು, 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಟೈಫಸ್, ಮಲೇರಿಯಾ ಮೊದಲಾದ ವ್ಯಾಧಿಗಳಿಂದ ಅಸಂಖ್ಯ ಜನರನ್ನು ಅದು ಉಳಿಸಿತೆಂಬುದು ನಿರ್ವಿವಾದ. ಮನುಷ್ಯರ ಮೈಮೇಲೆ ಎರಚಿದರೂ ಕೂಡಲೆ ಕೇಡು ತೋರದಿದ್ದುದರಿಂದ ಜನರು ಅದನ್ನು ನಿರಪಾಯವೆಂದು ನಂಬಿ, ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಹೊಲತೋಟಗಳಿಗೂ ಕಾಡುಗಳಿಗೂ ಯಥೇಚ್ಛವಾಗಿ ಸಿಂಪಡಿಸಿದರು.

ಈ ವಸ್ತುವು ಬೇಗನೆ ನಾಶವಾಗತಕ್ಕದ್ದಲ್ಲ. ಜೀವಿಗಳ ಕೊಬ್ಬಿನಲ್ಲಿ ನೆಲೆಸಿ, ಕ್ಷುದ್ರಜೀವಿಯಿಂದ ಮೀನಿಗೂ ಮೀನಿನಿಂದ ಹಕ್ಕಿಗೂ ಸಾಗುತ್ತ ಹೆಚ್ಚುತ್ತ ಹೋಗುವುದು. ದೇಹದಲ್ಲಿ ಅದು ಡಿ.ಡಿ.ಇ. ಎಂಬ ರೂಪವನ್ನು ತಾಳಿ, ತಾಯಿಹಕ್ಕಿಯ ಚಿಪ್ಪು ಕಟ್ಟುವ ಗ್ರಂಥಿಯಲ್ಲಿ ಸುಣ್ಣದ ಅಂಶವು ಕೂಡುವುದಕ್ಕೆ ಅಡ್ಡಿಯಾಗುತ್ತದೆ. ತಾಯಿಗೆ ಮೇಲ್ನೋಟಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ಅದು ಕಾವಿಗೆ ಕುಳಿತರೆ ಅದರ ಭಾರಕ್ಕೇ ಮೊಟ್ಟೆಯು ಒಡೆಯುವುದು.

ಪೆರಿಗ್ರಿನ್ ಎಂಬ ಡೇಗೆಯ ಗೂಡುಗಳಲ್ಲಿ ಒಡೆದ ಮೊಟ್ಟೆಗಳು ಪದೇ ಪದೇ ಕಾಣಿಸಲು, ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿದ್ವಾಂಸರು ಅದರ ಕಾರಣವನ್ನು ವಿಚಾರಿಸತೊಡಗಿದರು. ಹಿಂದಿನವರು ವಿನೋದಕ್ಕಾಗಿ ಗೂಡುಗಳನ್ನು ಸೂರೆಮಾಡಿ ಕೂಡಿಟ್ಟ ಮೊಟ್ಟೆಯ ಸಂಗ್ರಹಗಳೇ ಅವರಿಗೆ ಸಾಕ್ಷಿಯಾದುವು. ತೂಗಿ ಅಳೆದು ನೋಡಲಾಗಿ, 1947ರಿಂದೀಚಿನ ಚಿಪ್ಪುಗಳ ತೂಕವು ಹಿಂದಿನವಕ್ಕಿಂತ ಶೇಕಡಾ 19ರಷ್ಟು ಕಡಿಮೆಯಾಗಿದ್ದಿತು. ಹಳೆಯ ದುರಭ್ಯಾಸವೊಂದು ಹೀಗೆ ಸತ್ಯಶೋಧನೆಗೆ ನೆರವಾದುದು ವಿಚಿತ್ರವೇ ಸರಿ.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ವಿಪತ್ತು ಇನ್ನೂ ಘೋರವಾಗಿದ್ದಿತು. ಲಾಸ್ ಏಂಜಲಿಸ್ ನಗರದ ಕಾರ್ಖಾನೆಯೊಂದರ ಡಿ.ಡಿ.ಟಿ. ಕಲ್ಮಷವು ಚರಂಡಿಗಳ ಮೂಲಕ ಸಮುದ್ರವನ್ನು ಸೇರುತ್ತಿದ್ದಿತು. ಅನಕಾಪಾ ದ್ವೀಪದಲ್ಲಿ 1970ರಲ್ಲಿ ಕಂದುಬಣ್ಣದ ಹೆಜ್ಜಾರ್ಲೆಗಳು 552 ಬಾರಿ ಗೂಡುಕಟ್ಟಿದರೂ ಉಳಿದುದು ಒಂದೇ ಮರಿ.

ಚಿಪ್ಪು ಒಡೆಯದೆ ಉಳಿದರೂ ಒಳಗಿನ ಭ್ರೂಣವು ಕ್ಷೇಮವಲ್ಲ. ಹಳದಿಯ ಕೊಬ್ಬಿನೊಡನೆ ವಿಷವೂ ಅದಕ್ಕೆ ಆಹಾರವಾಗುತ್ತದೆ. ಕಲುಷಿತವಾದ ಮೊಟ್ಟೆಗಳಲ್ಲಿ ಕಂಡುಬಂದಷ್ಟೇ ಪ್ರಮಾಣದ ಡಿ.ಡಿ.ಟಿ.ಯನ್ನು ಗಲ್ ಎಂಬ ಕಡಲಹಕ್ಕಿಯ ಮೊಟ್ಟೆಗಳಿಗೆ ಸೇರಿಸಿ ಪರೀಕ್ಷಿಸಿದಾಗ, ಗಂಡು ಭ್ರೂಣಗಳಲ್ಲಿ ಹೆಣ್ಣಿನ ಅಂಗಾಂಶಗಳು ಬೆಳೆದುವೆಂದು ಫ್ರೈ ಮತ್ತು ಟೂನ್ ಎಂಬವರು 1981ರಲ್ಲಿ ಪ್ರಕಟಿಸಿದರು.

ಅಮೆರಿಕಾ ಸರ್ಕಾರವು 1972ರಲ್ಲಿ ವ್ಯವಸಾಯದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದವು ರೋಗವಾಹಕ ಕೀಟಗಳ ನಿವಾರಣೆಗೆ ಮಾತ್ರ ಅದಕ್ಕೆ ಎಡೆಯಿತ್ತಿತು. ಅಮೆರಿಕಾದ ವಿನಾಶೋನ್ಮುಖ ಜೀವಿಗಳ ಪಟ್ಟಿಯಿಂದ ಪೆರಿಗ್ರಿನ್ ಡೇಗೆಯು 1999ರಲ್ಲಿಯೂ ಕಂದು ಹೆಜ್ಜಾರ್ಲೆಯು 2009ರಲ್ಲಿಯೂ ಹೊರಬಂದುವು.

ಬೆಳೆದ ಪ್ರಾಣಿಯು ಸಾಯಲಿಲ್ಲವೆಂದ ಮಾತ್ರಕ್ಕೆ ವಸ್ತುವು ನಿರಪಾಯವೆಂದು ನಿರ್ಣಯಿಸಲಾಗದು. ಇನ್ನೂ ಹುಟ್ಟದ ಜೀವಕ್ಕೆ ಅದು ಏನು ಮಾಡೀತೆಂಬುದನ್ನು ಮೊದಲು ವಿಚಾರಿಸತಕ್ಕದ್ದು.