ಗರ್ಭಿಣಿಯರಲ್ಲಿ ಮೇದೋಜೀರಕದ ಗಂತಿ: ಒಂದು ವೈದ್ಯಚರಿತ್ರೆ

ಬೆಂಗಳೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆಯು ತೆರೆದದ್ದು 1935ರಲ್ಲಿ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಲನ್ ವಿಪಲ್ ಎಂಬ ಶಸ್ತ್ರವೈದ್ಯರೂ ವರ್ಜೀನಿಯಾ ಫ್ರಾಂಟ್ಸ್ ಎಂಬ ವಿದುಷಿಯೂ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಇನ್ಸುಲಿನ್ನನ್ನು ಮಿತಿಮೀರಿ ಸುರಿಸುವ ಗಂತಿಯನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಈ ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ. ಆದರೆ ಗರ್ಭಿಣಿಯಲ್ಲಿ ಅಂತಹ ಗಂತಿ ತೋರಿದರೆ ಪ್ರಸೂತಿವಿದ್ಯೆಯೂ ಶಸ್ತ್ರವಿದ್ಯೆಯೂ ಕೂಡಿ ನಡೆಯಬೇಕಾಗುವುದು.

ಗ್ರಂಥಿಯೊಳಗಿನ ಜೀವಕೋಶಗಳ ಸಣ್ಣ ಗುಂಪುಗಳನ್ನು 1869ರಲ್ಲಿ ಬರ್ಲಿನ್ನಿನ ಪಾಲ್ ಲಾಂಗರ್‌ಹಾನ್ಸ್ ವರ್ಣಿಸಿದರು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಬೇರ್ಪಡಿಸಿದರು. ಆ ಮದ್ದು ಹೆಚ್ಚಾದವರಲ್ಲಿ ಬೆವರು, ನಡುಕ, ಮೂರ್ಛೆಗಳು ಕಂಡುಬಂದುವು. ಮದ್ದನ್ನೇ ಮುಟ್ಟದ ಕೆಲವರಲ್ಲಿಯೂ ಅವೇ ಲಕ್ಷಣಗಳು ತೋರಿದುದರಿಂದ ಅದಕ್ಕೆ ಕಾರಣವು ದೇಹದೊಳಗೇ ಇರಬೇಕೆಂಬ ಊಹೆ ಹುಟ್ಟಿತು. 1927ರಲ್ಲಿ ಅಮೆರಿಕದ ಮೇಯೊ ವೈದ್ಯಾಲಯದವರು ಇನ್ಸುಲಿನ್ ಸುರಿಸುವ ಗಂತಿಯನ್ನು ವಿವರಿಸಿದರು. 1929ರಲ್ಲಿ ಟೊರಾಂಟೊದ ರಾಸ್ಕೋ ಗ್ರಹಾಂ ಅದನ್ನು ಕತ್ತರಿಸಿ ತೆಗೆದು ರೋಗಿಯನ್ನು ಗುಣಪಡಿಸಿದರು. ಉಪವಾಸದಲ್ಲಿ ಲಕ್ಷಣಗಳು ತೋರುವುದು, ಆಗ ರಕ್ತದ ಸಕ್ಕರೆ ಇಳಿದಿರುವುದು, ಸಕ್ಕರೆ ಕೊಟ್ಟೊಡನೆ ಚೇತರಿಕೆಯಾಗುವುದು ಎಂಬ ಮೂರು ಗುರುತುಗಳು ವಿಪಲರ ಹೆಸರಿನಲ್ಲಿ ಇಂದಿಗೂ ಪ್ರಸಿದ್ಧವಾಗಿವೆ.

ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಮಾತ್ರ ಬರುವ ಈ ರೋಗವನ್ನು ಬಸಿರು ಇನ್ನಷ್ಟು ಮರೆಮಾಡುತ್ತದೆ. ಮೊದಲ ತಿಂಗಳುಗಳ ವಾಂತಿ, ತಲೆಸುತ್ತುಗಳೊಡನೆ ಇದರ ಲಕ್ಷಣಗಳು ಬೆರೆತುಹೋಗುವುವು. ಬಳಿಕ ಮಾಸಿನ ರಸಗಳು ಇನ್ಸುಲಿನ್ನಿನ ಬಲವನ್ನು ತಗ್ಗಿಸುವುದರಿಂದ ರೋಗವು ವಾಸಿಯಾದಂತೆ ತೋರಿ, ಹೆರಿಗೆಯಾದ ಮೇಲೆ ಮತ್ತೆ ತಲೆಯೆತ್ತಬಹುದು.

ಚಿಕಿತ್ಸೆಯಲ್ಲಿ ಕಾಲವಿವೇಕವೇ ಮುಖ್ಯ. ಮೊದಲು ಮೇಲಿಂದ ಮೇಲೆ ಆಹಾರವನ್ನೂ, ಬೇಕಾದರೆ ರಕ್ತನಾಳದ ಮೂಲಕ ಗ್ಲೂಕೋಸನ್ನೂ ಕೊಟ್ಟು ತಾಯಿಯನ್ನು ಕಾಪಾಡುವರು. ಗಂತಿಯ ನೆಲೆಯನ್ನು ಎಕ್ಸ್-ರೇ ಇಲ್ಲದೆ ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಿಂದ ಹುಡುಕುವರು. ಇಷ್ಟರಿಂದ ಸಕ್ಕರೆ ನಿಲ್ಲದಿದ್ದರೆ ನಾಲ್ಕರಿಂದ ಆರನೆಯ ತಿಂಗಳೊಳಗೆ ಶಸ್ತ್ರಕ್ರಿಯೆ ನಡೆಸುವುದು ಯುಕ್ತ. ನಿಂತರೆ ಹೆರಿಗೆಯವರೆಗೆ ಕಾಯಬಹುದು. ಈ ಗಂತಿಗಳಲ್ಲಿ ಹೆಚ್ಚಿನವು ನಿರಪಾಯಕರವಾದುದರಿಂದ ಕಾಯುವುದಕ್ಕೆ ಅವಕಾಶವುಂಟು.

ಆದರೆ ಕಾಯಬೇಕಾದರೂ ರೋಗವು ಮೊದಲು ಗೊತ್ತಾಗಬೇಕು. ಬೆಂಗಳೂರಿನ ಪಶ್ಚಿಮದಲ್ಲಿ, ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿಯಾಗಿದ್ದು ಈಗ ನಗರದಲ್ಲಿ ಬೆರೆತಿರುವ ಉಲ್ಲಾಳದಲ್ಲಾಗಲಿ, ನ್ಯೂಯಾರ್ಕಿನಲ್ಲಾಗಲಿ, ಗರ್ಭಿಣಿಯ ಮೂರ್ಛೆಯನ್ನು ಬಸಿರಿನ ಸಹಜ ಆಯಾಸವೆಂದು ತಳ್ಳಿಹಾಕಿದರೆ ಶಸ್ತ್ರವೈದ್ಯರ ನೈಪುಣ್ಯವೆಲ್ಲವೂ ವ್ಯರ್ಥ. ಮೂರ್ಛೆಯ ವೇಳೆಯಲ್ಲಿಯೇ ಪರೀಕ್ಷಿಸಿದ ಒಂದು ಹನಿ ರಕ್ತದಿಂದ ಈ ಚಿಕಿತ್ಸೆಯು ಆರಂಭವಾಗುತ್ತದೆ.