ನೀರು ಸಣ್ಣಗೆ ಬಂದ್ರೆ ಬಾವಿ ಬತ್ತಿದೆ ಅಂತಲ್ಲ

ಈ ಸಲ ಸ್ವಲ್ಪ ಉದ್ದವಾಗಿದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಬಿಡುವಾಗಿ ಓದಿ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆ ಮೇಲಿನ 2,000 ಲೀಟರ್ ಟ್ಯಾಂಕು ತುಂಬೋದು ನಿಧಾನ ಆಯ್ತು. ಮುಕ್ಕಾಲು ಗಂಟೆಗೆ ತುಂಬುತ್ತಿದ್ದದ್ದು ಒಂದೂವರೆ ಗಂಟೆ ಹಿಡಿಯೋಕೆ ಶುರುವಾಯ್ತು. ಮಗ "ಅಪ್ಪಾ, ಈ ಬೋರು ಮುಗೀತು, ಇನ್ನೊಂದು ಪಾಯಿಂಟ್ ಮಾಡಿಸೋಣ" ಅಂದ. ಮೋಟ್ರು ರಿಪೇರಿಯವರು "5 ಎಚ್‌ಪಿ ಸಾಲಲ್ಲ, ಏಳೂವರೆ ಬಿಡಿ" ಅಂದರು. ಇಬ್ಬರ ಮಾತೂ ಸುಳ್ಳು ಅನ್ನಿಸಲಿಲ್ಲ. ಆದರೆ ಇಂಥದೇ ಮಾತು ಕೇಳಿ 1997ರಲ್ಲಿ ನಾನು ಒಂದು ತಪ್ಪು ಮಾಡಿದ್ದೆ, ಅದು ಇವತ್ತಿಗೂ ಮನಸ್ಸಿನಲ್ಲಿದೆ. ಅದಕ್ಕೇ ಈ ಸಲ ಕೈ ಕಟ್ಟಿ ಕೂತು ಯೋಚನೆ ಮಾಡಿದೆ. ನಮ್ಮ ಬಾವಿಗಳ ಕಥೆ ಮೊದಲಿಂದ ನೋಡಿದರೆ ನೀರು ಯಾಕೆ ಸಣ್ಣಗಾಗುತ್ತೆ ಅನ್ನೋದು ತಾನಾಗೇ ಗೊತ್ತಾಗುತ್ತೆ.

ನಮ್ಮ ತಾತನ ಕಾಲದಲ್ಲಿ ಕಪಿಲೆ ಬಾವಿ. ದಡದಲ್ಲಿ ಎರಡು ಕಲ್ಲು ಕಂಬ, ಮೇಲೆ ಗಾಲಿ, ತೊಗಲಿನ ಬಾನಿ, ಮಿಣಿ. ಜೋಡೆತ್ತು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬರುತ್ತೆ, ಹಿಂದಕ್ಕೆ ಹತ್ತಿದರೆ ಬಾನಿ ನೀರಿಗೆ ಇಳಿಯುತ್ತೆ. ಮೇಲುಮೇಲೆ ನೀರಿದ್ದ ಕಡೆ ಏತ. ಕಾಲುವೆಗೆ ನೀರು ಕಮ್ಮಿ ಬಂದರೆ ತಾತ ಮೂರೇ ಕಡೆ ನೋಡುತ್ತಿದ್ದರಂತೆ. ಬಾನಿ ತೂತಾಗಿದೆಯಾ? ಎತ್ತು ದಣಿದಿದಾವಾ? ನೀರು ಕೆಳಕ್ಕೆ ಹೋಗಿದೆಯಾ? ಅಂದರೆ ಸೋರಿಕೆ, ಶಕ್ತಿ, ಮಟ್ಟ. ಮೂರೂ ಕಣ್ಣಿಗೆ ಕಾಣುತ್ತಿದ್ದವು. ದಡದ ಮೇಲೆ ನಿಂತು ಬಗ್ಗಿ ನೋಡಿದರೆ ಸಾಕು.

ಆಮೇಲೆ ಕರೆಂಟು ಬಂತು. ನಮ್ಮ ಕೋಲಾರ ಜಿಲ್ಲೆಗೆ ಕರೆಂಟು ಬಂದಿದ್ದು 1902ರಲ್ಲೇ, ಬೆಂಗಳೂರಿಗಿಂತ 3 ವರ್ಷ ಮೊದಲು. ಆದರೆ ಅದು ಶಿವನಸಮುದ್ರದಿಂದ ಬಂದಿದ್ದು ಕೆಜಿಎಫ್ ಚಿನ್ನದ ಗಣಿಗೆ. ನಮ್ಮ ಹೊಲದ ಬಾವಿಗೆ ಬರೋಕೆ ಎಷ್ಟೋ ದಶಕ ಬೇಕಾಯ್ತು. ನಮ್ಮಪ್ಪ 1976ರಲ್ಲಿ 3 ಎಚ್‌ಪಿ ಮೋಟ್ರು ಕೂರಿಸಿದರು. ಅವತ್ತು ಪೂಜೆ ಮಾಡಿ ಕಾಯಿ ಒಡೆದು ಸ್ವಿಚ್ ಹಾಕಿದಾಗ ನೀರು ಹಾರಿ ಬಿದ್ದಿದ್ದು ನನಗೆ ಈಗಲೂ ನೆನಪಿದೆ. ಎತ್ತಿಗೆ ಬಿಡುವು ಸಿಕ್ತು, ಕಪಿಲೆ ಮೂಲೆ ಸೇರಿತು.

ಮೋಟ್ರು ಬಂದ ಮೇಲೆ ಒಂದು ಹೊಸ ತೊಂದರೆ ಶುರುವಾಯ್ತು. ಕಪಿಲೆ ನೀರನ್ನು ಎತ್ತಿ ತರುತ್ತಿತ್ತು, 60 ಅಡಿ ಆದರೂ ಮಿಣಿ ಉದ್ದ ಮಾಡಿದರೆ ಆಯ್ತು. ಬಾವಿ ಮೇಲೆ ಕೂರುವ ಮೋಟ್ರು ಹಾಗಲ್ಲ, ಅದು ನೀರನ್ನು ಹೀರುತ್ತೆ. ಹೀರೋದಕ್ಕೆ ಒಂದು ಮಿತಿ ಇದೆ.

ಈ ಮಿತಿಯ ಕಥೆ ದೂರದ ಇಟಲಿಯಲ್ಲಿ ಶುರುವಾಗುತ್ತೆ. ಗೆಲಿಲಿಯೋ 1638ರಲ್ಲಿ ಒಂದು ಪುಸ್ತಕ ತಂದ, ಮೂರು ಜನ ಮಾತಾಡಿಕೊಳ್ಳೋ ರೀತಿ ಬರೆದದ್ದು. ಅದರಲ್ಲಿ ಒಬ್ಬ ಹೇಳುತ್ತಾನೆ: ತೊಟ್ಟಿಗೆ ಹಾಕಿದ್ದ ಪಂಪು ನೀರು ಎತ್ತೋದು ನಿಲ್ಲಿಸಿತು, ಪಂಪು ಕೆಟ್ಟಿದೆ ಅಂತ ರಿಪೇರಿಯವನನ್ನು ಕರೆಸಿದೆ, ಅವನು ಬಂದು ನೋಡಿ, ಕುಂದು ಪಂಪಿನದಲ್ಲ, ನೀರು ಬಹಳ ಕೆಳಗೆ ಹೋಗಿದೆ, 18 ಮೊಳಕ್ಕಿಂತ ಹೆಚ್ಚು ಇದು ಹೀರೋದಿಲ್ಲ ಅಂದ ಅಂತ. ಯಾಕೆ ಹೀರೋದಿಲ್ಲ ಅನ್ನೋದನ್ನ 1643–44ರಲ್ಲಿ ಟೊರಿಸೆಲ್ಲಿ ತೋರಿಸಿಕೊಟ್ಟ. ಪಂಪು ನೀರನ್ನು ಎಳೆಯೋದಿಲ್ಲ, ಪೈಪಿನೊಳಗಿನ ಗಾಳಿ ತೆಗೆಯುತ್ತೆ ಅಷ್ಟೆ. ಹೊರಗಿನ ಗಾಳಿಯ ಭಾರ ಬಾವಿ ನೀರನ್ನು ಒತ್ತಿ ಮೇಲಕ್ಕೆ ತಳ್ಳುತ್ತೆ. ಸಮುದ್ರ ಮಟ್ಟದಲ್ಲಿ ಆ ಭಾರ ಸುಮಾರು 34 ಅಡಿ ನೀರಿಗೆ ಸಮ. ನಮ್ಮ ಕೋಲಾರ ಎತ್ತರದ ಸೀಮೆ, ಇಲ್ಲಿ ಗಾಳಿಯ ಭಾರ ಕಮ್ಮಿ, ಸುಮಾರು 31 ಅಡಿ ಅಷ್ಟೆ. ಪೈಪಿನ ತಿಕ್ಕಾಟ, ಸಣ್ಣಪುಟ್ಟ ಗಾಳಿ ಸೋರಿಕೆ ಎಲ್ಲ ಕಳೆದರೆ 20–22 ಅಡಿ ಸಿಕ್ಕರೆ ಪುಣ್ಯ. ಎಷ್ಟೇ ಎಚ್‌ಪಿ ಹಾಕಿದರೂ ಇದು ಜಾಸ್ತಿ ಆಗೋದಿಲ್ಲ. ನಮ್ಮ ಹಳೇ ಬಾವಿಗಳ ಒಳಗೆ ಮೆಟ್ಟಿಲ ಹತ್ತಿರ ಒಂದು ಕಟ್ಟೆ ಇರುತ್ತಲ್ಲ, ಮೋಟ್ರು ಕೂರಿಸೋಕೆ? ಆ ಕಟ್ಟೆ ಕಟ್ಟಿದ್ದು ಇದಕ್ಕೇ, ನೀರಿನ ಹತ್ತಿರಕ್ಕೆ ಹೋಗೋಕೆ.

ಈಗ ನನ್ನ ತಪ್ಪಿಗೆ ಬರ್ತೀನಿ. 1997ರ ಬೇಸಿಗೆಯಲ್ಲಿ ನಮ್ಮ ಮೋಟ್ರು ನೀರು ಎತ್ತೋದು ನಿಲ್ಲಿಸಿತು. ಫುಟ್‌ವಾಲ್ವ್ ಸೋರುತ್ತಿದೆ ಅಂತ ಸಗಣಿ ನೀರು ಹುಯ್ದು ನೋಡಿದ್ವಿ, ಎರಡು ನಿಮಿಷ ಬಂದು ನಿಂತು ಹೋಯ್ತು. ನಮ್ಮಪ್ಪ "ಮೋಟ್ರನ್ನ ಇನ್ನೊಂದು ಹತ್ತು ಅಡಿ ಕೆಳಕ್ಕೆ ಇಳಿಸೋ, ನೀರಿದೆ" ಅಂದರು. ಇದ್ದದ್ದು ನಿಜ, ಬಗ್ಗಿ ನೋಡಿದರೆ ತಳದಲ್ಲಿ ಆಳೆತ್ತರ ನೀರು ಕಾಣುತ್ತಿತ್ತು. ಆದರೆ ಆಗ ಊರಲ್ಲೆಲ್ಲ ಬೋರ್ ಲಾರಿಗಳ ಸದ್ದು. ನನಗೆ ವಯಸ್ಸಿನ ಬಿಸಿ. "ಈ ಬಾವಿ ಕಥೆ ಮುಗೀತು" ಅಂತ ಅಪ್ಪನ ಎದುರೇ ಹೇಳಿ, ಬಾವಿ ಪಕ್ಕದಲ್ಲೇ ಬೋರು ಕೊರೆಸಿದೆ. ಅಪ್ಪ ಮಾತಾಡಲಿಲ್ಲ. ನಾಲ್ಕೈದು ವರ್ಷದಲ್ಲಿ ಬಾವಿಗೆ ಕಸ ಬಿತ್ತು, ಆಮೇಲೆ ಮಣ್ಣು ತುಂಬಿಸಿದ್ವಿ. ಈಗ ಅದರ ಮೇಲೆ ದನದ ಕೊಟ್ಟಿಗೆ ಇದೆ. ಗೆಲಿಲಿಯೋ ಪುಸ್ತಕದ ರಿಪೇರಿಯವನು ಹೇಳಿದ ಮಾತನ್ನೇ ನಮ್ಮಪ್ಪ ಹೇಳಿದ್ದರು ಅಂತ ನನಗೆ ತಿಳಿದದ್ದು ಅವರು ಹೋದ ಮೇಲೆ. ಬಾವಿ ಬತ್ತಿರಲಿಲ್ಲ. ನೀರು ಮೋಟ್ರಿನ ಎಟುಕಿಗಿಂತ ಕೆಳಗಿತ್ತು ಅಷ್ಟೆ.

ಬೋರುಗಳ ಕಾಲ ನಮ್ಮ ಕಡೆ ಬಂದಿದ್ದು ಕುಡಿಯುವ ನೀರಿಗಾಗಿ. 1966–67ರ ಬರಗಾಲದ ಹೊತ್ತಿನಲ್ಲಿ ಯುನಿಸೆಫ್‌ನವರು ಗಟ್ಟಿ ಬಂಡೆ ಕೊರೆಯುವ ಯಂತ್ರ ದೇಶಕ್ಕೆ ತರಿಸಿದರು. 70ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ತಯಾರಾಯ್ತು, ನಮ್ಮ ಶಾಲೆ ಮುಂದೆ ಇರುತ್ತಿದ್ದ ಅದೇ ಕೈಪಂಪು. ಅದು 22 ಅಡಿಯ ಮಿತಿ ದಾಟಿದ್ದು ಹೇಗೆ ಅಂದರೆ, ಅದರ ಸಿಲಿಂಡರು ಮೇಲೆ ಇರಲ್ಲ, ಕೆಳಗೆ ನೀರೊಳಗೇ ಇರುತ್ತೆ. ಹೀರೋದು ಬಿಟ್ಟು ಎತ್ತುತ್ತೆ, ನಮ್ಮ ಕಪಿಲೆ ಥರಾನೇ. ನೀರಲ್ಲಿ ಮುಳುಗುವ ಸಬ್‌ಮರ್ಸಿಬಲ್ ಮೋಟ್ರೂ ಕೆಳಗಿಂದ ಮೇಲಕ್ಕೆ ತಳ್ಳುತ್ತೆ. ಇಂಥ ಮೋಟ್ರನ್ನ ಅರುಟುನೋಫ್ ಅನ್ನೋ ಎಂಜಿನಿಯರು ರಷ್ಯಾದಿಂದ ಅಮೆರಿಕಕ್ಕೆ ಹೋಗಿ 1920ರ ದಶಕದಲ್ಲಿ ಎಣ್ಣೆ ಬಾವಿಗೆ ಇಳಿಸಿದ. ಇವತ್ತು ನಮ್ಮ ಟೊಮೇಟೊ ತೋಟಕ್ಕೆ ನೀರು ಕೊಡೋದು ಅದೇ ಜಾತಿಯ ಯಂತ್ರ.

ಹೀರುವ ಮಿತಿ ಹೋಯ್ತು, ಆದರೆ ಎತ್ತುವ ಲೆಕ್ಕ ಹೋಗಲಿಲ್ಲ. ಜೇಮ್ಸ್ ವಾಟ್ ಕುದುರೆಗೆ ಹೋಲಿಸಿ ಎಚ್‌ಪಿ ಅಂತ ಮಾಡಿದ ಅಳತೆ ಇದೆಯಲ್ಲ, ಅದನ್ನ ನಮ್ಮ ಲೀಟರಿಗೆ ತಿರುಗಿಸಿದರೆ 1 ಎಚ್‌ಪಿ ಒಂದು ನಿಮಿಷಕ್ಕೆ ಸುಮಾರು 15,000 ಲೀಟರನ್ನ 1 ಅಡಿ ಎತ್ತುತ್ತೆ. 100 ಅಡಿ ಆದರೆ 150 ಲೀಟರು. 700 ಅಡಿ ಆದರೆ 21 ಲೀಟರು. ನಮ್ಮ 5 ಎಚ್‌ಪಿಗೆ 700 ಅಡಿಯಲ್ಲಿ 107 ಲೀಟರು ಆಯ್ತು, ಪಂಪಿನ ನಷ್ಟದಲ್ಲಿ ಅರ್ಧ ಹೋದರೆ 50 ಚಿಲ್ಲರೆ. ಅಂದರೆ ನೀರು ಕೆಳಗೆ ಹೋದಷ್ಟೂ ಅದೇ ಮೋಟ್ರು ಕಮ್ಮಿ ಕೊಡುತ್ತೆ. ಮೋಟ್ರು ಕೆಟ್ಟಿರೋದಿಲ್ಲ. ತಾತನ ಎತ್ತು ಉದ್ದ ಮಿಣಿ ಎಳೆದು ದಣಿದ ಹಾಗೆ ಅದು.

ಕಪಿಲೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಮೂರು ಕಾರಣ ಬೋರಿನಲ್ಲಿ ಆರೂವರೆ ಇಂಚಿನ ತೂತಿನೊಳಗೆ ಬಚ್ಚಿಟ್ಟುಕೊಂಡವು. ಕಾಣದ್ದಕ್ಕೆ ನಾವು ಒಂದೇ ಹೆಸರು ಇಟ್ವಿ, "ಬೋರು ಫೇಲ್". ಒಂದೇ ಮದ್ದು, ಇನ್ನೂ ಆಳ. ಎಷ್ಟು ಮನೆ ಸಾಲಕ್ಕೆ ಬಿದ್ದಿದ್ದು ಈ ಒಂದು ಮದ್ದಿನಿಂದ ಅಂತ ನಿಮಗೂ ಗೊತ್ತು.

ಈ ಸಲ ನಾನು ತಾತನ ಲೆಕ್ಕದಲ್ಲೇ ನೋಡಿದೆ. ನೀವೂ ಹೀಗೆ ಮಾಡಿ.

1. ಮೊದಲು ತೊಂದರೆ ಟ್ಯಾಂಕಿನ ಈಚೆಗಾ ಆಚೆಗಾ ತಿಳ್ಕೊಳ್ಳಿ. ಟ್ಯಾಂಕು ಸರಿಯಾಗಿ ತುಂಬಿಯೂ ನಲ್ಲಿ ಸಣ್ಣಗಿದ್ದರೆ ಬೋರಿನ ತಂಟೆಗೇ ಹೋಗಬೇಡಿ. ನಲ್ಲಿಯ ಒತ್ತಡ ಕೊಡೋದು ಟ್ಯಾಂಕಿನ ಎತ್ತರ. 33 ಅಡಿ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. 10 ಅಡಿ ಟ್ಯಾಂಕಿಗೆ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟು ಸಣ್ಣ ಒತ್ತಡಕ್ಕೆ ಅರ್ಧ ಮುಚ್ಚಿದ ಗೇಟ್‌ವಾಲ್ವ್, ಉಪ್ಪು ಕಟ್ಟಿದ ಹಳೇ ಜಿಐ ಪೈಪು, ನಲ್ಲಿ ಬಾಯಿ ಜಾಲರಿಯ ಕಸ, ಯಾವುದು ಬೇಕಾದರೂ ಸಾಕು.

2. ಟ್ಯಾಂಕೇ ನಿಧಾನ ತುಂಬುತ್ತಿದ್ದರೆ ಬೋರಿನ ಬಾಯಿಯಲ್ಲೇ ಪೈಪು ಬಿಚ್ಚಿ 200 ಲೀಟರ್ ಡ್ರಮ್ಮಿಗೆ ಬಿಟ್ಟು ಗಡಿಯಾರ ನೋಡಿ. ನಮ್ಮದು ಮೋಟ್ರು ಬಿಟ್ಟ ದಿನ 4 ನಿಮಿಷ ಅಂತ ಸ್ಟಾರ್ಟರ್ ಪೆಟ್ಟಿಗೆ ಮೇಲೆ ಬರೆದಿಟ್ಟಿದ್ದೆ. ಈಗ 9 ನಿಮಿಷ. ಬೋರಿನ ಬಾಯಲ್ಲಿ ಚೆನ್ನಾಗಿದ್ದರೆ ದಾರಿಯ ಪೈಪಲ್ಲಿ ಹುಡುಕಿ.

3. ಆಮೇಲೆ ಶಕ್ತಿ. ಮೂರೂ ಫೇಸ್‌ನಲ್ಲಿ ವೋಲ್ಟೇಜ್ ಸಮ ಇದೆಯಾ ನೋಡಿ. ಟಿಸಿ ಬದಲಾಯಿಸಿದ ಮೇಲೆ ಅಥವಾ ಲೈನ್ ಕೆಲಸ ಆದ ಮೇಲೆ ನೀರು ಕಮ್ಮಿ ಆಗಿದ್ದರೆ ಎರಡು ಫೇಸ್ ಅದಲು ಬದಲಾಗಿ ಮೋಟ್ರು ಉಲ್ಟಾ ತಿರುಗುತ್ತಿರಬಹುದು. ಆಗಲೂ ನೀರು ಬರುತ್ತೆ, ಆದರೆ ಸಣ್ಣಗೆ. ತಿಳಿದವರ ಕೈಲಿ ಕರೆಂಟು ತೆಗೆಸಿ ಎರಡು ವೈರು ಬದಲಾಯಿಸಿದರೆ ಸರಿಹೋಗುತ್ತೆ. ನೀವೇ ಕೈ ಹಾಕಬೇಡಿ.

4. ಮಟ್ಟ. ಮೊದಲು ಜೋರಾಗಿ ಬಂದು, ಸ್ವಲ್ಪ ಹೊತ್ತಿಗೆ ಗಾಳಿ ಕಕ್ಕುತ್ತಾ ಬಿಟ್ಟು ಬಿಟ್ಟು ಬಂದರೆ ನೀರೇ ಕಮ್ಮಿ. ಮೊದಲಿಂದ ಕೊನೆವರೆಗೂ ಒಂದೇ ಸಮ ಸಣ್ಣಗೆ ಬಂದರೆ ಬೇರೆ ಕಡೆ ಅನುಮಾನ ಪಡಿ.

5. ಸೋರಿಕೆ. ಮೋಟ್ರು ಓಡುವಾಗ ಬೋರಿನ ಕೇಸಿಂಗಿಗೆ ಕಿವಿ ಇಟ್ಟು ಕೇಳಿ.

ನಮ್ಮದು ಸಿಕ್ಕಿದ್ದು ಇಲ್ಲೇ. ವೋಲ್ಟೇಜ್ ಸರಿ ಇತ್ತು, ನೀರು ಒಂದೇ ಸಮ ಬರುತ್ತಿತ್ತು. ಕೇಸಿಂಗಿಗೆ ಕಿವಿ ಇಟ್ಟೆ. ಒಳಗೆ ಮಳೆ ಸುರಿದ ಹಾಗೆ ಸದ್ದು. ಮೇಲೆತ್ತಿದ ನೀರಿನಲ್ಲಿ ಅರ್ಧ ತಿರುಗಿ ಬೋರಿಗೇ ಬೀಳುತ್ತಿತ್ತು. ಮಗನನ್ನು ಕರೆದು ಕೇಳಿಸಿದೆ. ಅವನು ಏನೂ ಮಾತಾಡದೆ ಪಾಯಿಂಟ್ ಮಾಡೋರಿಗೆ ಫೋನ್ ಮಾಡಿ ಬರೋದು ಬೇಡ ಅಂದ.

ಮರುದಿನ ಪೈಪು ಎತ್ತಿಸಿದ್ವಿ. 20 ಅಡಿ ಉದ್ದದ 35 ಪೈಪಿನಲ್ಲಿ ಮೇಲಿಂದ ಒಂಬತ್ತನೆಯದು ತುಕ್ಕು ತಿಂದು, ಥ್ರೆಡ್ ಹತ್ತಿರ ಬೆರಳುದ್ದ ಸೀಳಿತ್ತು. ಒಂದು ಪೈಪು, ಒಂದು ಕಪ್ಲಿಂಗ್, ಎತ್ತಿ ಇಳಿಸಿದ ಕೂಲಿ. ಸಂಜೆ ಡ್ರಮ್ಮು ಮತ್ತೆ 4 ನಿಮಿಷಕ್ಕೆ ತುಂಬಿತು. ತಾತನ ಭಾಷೆಯಲ್ಲಿ ಹೇಳೋದಾದರೆ ಬಾನಿ ತೂತಾಗಿತ್ತು.

ಎಲ್ಲ ಬೋರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ನಿಜವಾಗಿ ಬತ್ತಿದ ಬೋರುಗಳು ಬೇಕಾದಷ್ಟಿವೆ. ಆದರೆ ಬತ್ತಿದೆಯಾ ಇಲ್ಲವಾ ಅಂತ ನೋಡದೆ ಬೋರ್ ಲಾರಿ ಕರೆಸಬೇಡಿ ಅಂತ ಅಷ್ಟೇ. ನಾಳೆ ಕರೆಂಟು ಬಂದಾಗ ಒಂದು ಡ್ರಮ್ಮು ಹಿಡಿದು, ಎಷ್ಟು ನಿಮಿಷ ಅಂತ ಸ್ಟಾರ್ಟರ್ ಪೆಟ್ಟಿಗೆ ಮೇಲೆ ತಾರೀಕು ಹಾಕಿ ಬರೆದಿಡಿ. ನೀರು ಚೆನ್ನಾಗಿರುವಾಗ ಬರೆದಿಟ್ಟರೇ ಕಮ್ಮಿ ಆದಾಗ ಎಷ್ಟು ಕಮ್ಮಿ ಅಂತ ಗೊತ್ತಾಗೋದು.

ಮನೇಲಿ ಹಿರಿಯರು ಇದ್ದರೆ, ಬಾವಿ ವಿಷಯಕ್ಕೆ ಅವರು ಒಂದು ಮಾತು ಹೇಳಿದರೆ, ಒಂದು ಸಲ ಬಗ್ಗಿ ನೋಡಿ. ನಾನು ಅವತ್ತು ನೋಡಲಿಲ್ಲ.