ಹಿರಿಯೂರು ಸೀಮೆಯ ಮೀನುಗಾರಿಕೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಒಳನಾಡು ಕಸುಬು. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಮೀನುಗಾರಿಕೆ ಮುಖ್ಯವಾಗಿ ನಿಂತಿರುವುದು ಕೆರೆ, ಜಲಾಶಯಗಳ ಮೇಲೆ. ಜವನಗೊಂಡನಹಳ್ಳಿ ಬದಿಯಲ್ಲಿ ಸುವರ್ಣಮುಖಿ ನದಿಯ ಗಾಯತ್ರಿ ಜಲಾಶಯವಿದೆ. ದೊಡ್ಡ ಆಸರೆ ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಮಾರಿಕಣಿವೆ. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಇದು 1933ರ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ ಬರಗಳಲ್ಲಿ ನೀರಿನೊಡನೆ ಬೆಸ್ತರ ದುಡಿಮೆಯೂ ಇಳಿಯುತ್ತಿತ್ತು. ರೈತನ ನಷ್ಟದಷ್ಟು ಈ ನಷ್ಟ ಸುದ್ದಿಯಾಗದಿರುವುದು ಅನ್ಯಾಯವೇ.

ಕಾಟ್ಲಾ, ರೋಹು, ಮೃಗಾಲ್ ಬಿತ್ತನೆ ಮೀನುಗಳು; ಕೊರವ ನಾಟಿ ಮೀನು. ತೆಪ್ಪ, ಹರಿಗೋಲುಗಳಲ್ಲಿ ಹೋಗಿ ಬಲೆ ಬಿಡುತ್ತಾರೆ. ದಡದಲ್ಲಿ ಕೂತವರಿಗೆ ಗಾಳವೇ ಸಾಕು. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದರೆ ಸುತ್ತಲಿನ ಹಳ್ಳಿಯವರೂ ಕೆಸರಿಗಿಳಿಯುತ್ತಾರೆ. ಅಂದು ಮನೆಮನೆಯಲ್ಲಿ ಹುಣಸೆಹುಳಿಯ ಮೀನುಸಾರು, ರಾಗಿಮುದ್ದೆ. ಬೆಸ್ತರಿಗೆ ಗಂಗಾಮತಸ್ಥರೆಂಬ ಹೆಸರೂ ಇದೆ. ಗಂಗೆಯೇ ಅವರ ಕುಲದೇವಿ. ಅಣೆಕಟ್ಟೆಯ ಬಳಿಯ ಕಣಿವೆ ಮಾರಮ್ಮನಿಗೆ ಸುತ್ತಲಿನ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು.